ಪರರ ನೋವು ನಮ್ಮ ಬಳಿ ಅಮಾನತ್ತು

ನೋವು ಒಬ್ಬರದು, ಮಾತು ಇನ್ನೊಬ್ಬರದು. ಕತೆ ಬರೆಯುವ ನಮ್ಮಂಥವರಿಗೆ ಇದು ಹೊಸ ಸಂಗತಿಯಲ್ಲ. ಯಾರದೋ ಮನೆಯ ಒಲೆ ಆರಿದ್ದನ್ನು ಕಂಡು ಕತೆ ಹುಟ್ಟುತ್ತದೆ. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಬೇಕಾದಲ್ಲಿ ಒಂದಿಷ್ಟು ಮಳೆಯೂ ಸುರಿಯುತ್ತದೆ. ಆದರೆ ಕತೆಯಿಂದ ಆ ಮನೆಯವರ ಮೇಲೆ ಯಾವ ಕಟ್ಟಳೆಯೂ ಬೀಳುವುದಿಲ್ಲ. ಸಮಾಜ ಕಾರ್ಯಕರ್ತರ ಪಾಡು ಬೇರೆ. ಅವರು ಇನ್ನೊಬ್ಬರ ನೋವನ್ನು ವಿಧಾನಸೌಧದವರೆಗೆ ಹೊತ್ತುಕೊಂಡು ಹೋಗುತ್ತಾರೆ. ಅಲ್ಲಿ ಅದು ಮಸೂದೆಯಾಗುತ್ತದೆ, ಕಾಯ್ದೆಯಾಗುತ್ತದೆ, ಒಂದು ದಿನ ಪೊಲೀಸನ ಕೈಯಲ್ಲೋ ಅಧಿಕಾರಿಯ ಕಡತದಲ್ಲೋ ಕುಳಿತು ನೋವು ಹೇಳಿಕೊಂಡವರ ಬಾಗಿಲಿಗೇ ಮರಳುತ್ತದೆ. ಕತೆ ಓದಿ ಮುಚ್ಚಿಡಬಹುದು. ಕಾಯ್ದೆಯನ್ನು ಹಾಗೆ ಮುಚ್ಚಿಡಲಾಗದು.

ಆದ್ದರಿಂದ ಕೇಳಬೇಕಾದ ಪ್ರಶ್ನೆಯೊಂದಿದೆ. ಇನ್ನೊಬ್ಬರ ಪರವಾಗಿ ಕಾನೂನು ಕೇಳುವ ಅಧಿಕಾರ ನಮಗೆ ಎಲ್ಲಿಂದ ಬರುತ್ತದೆ? ಒಳ್ಳೆಯ ಮನಸ್ಸೊಂದಿದ್ದರೆ ಸಾಕೇ?

ಕೆಲವರು ಕೇಳಬಹುದು: ಸೇವೆ ಮಾಡುವವರಿಗೆ ಶಾಸನಸಭೆಯ ಗೊಡವೆ ಏಕೆ? ಹಸಿದವನಿಗೆ ಅನ್ನ, ಕಾಯಿಲೆಯವನಿಗೆ ಔಷಧಿ, ಓದುವ ಮಗುವಿಗೆ ಫೀಸು ಕೊಟ್ಟರೆ ಆಯಿತಲ್ಲ. ನಮ್ಮ ಮೊಹಲ್ಲಾಗಳಲ್ಲಿ ಈ ಮಾತು ಇನ್ನೂ ಬಲವಾಗಿದೆ. ಖೈರಾತಿಗೆ ನಮ್ಮಲ್ಲಿ ಕೊರತೆಯಿಲ್ಲ, ಕೊಡುವ ಕೈಗಳಿಗೆ ಗೌರವವೂ ಇದೆ. ಆದರೆ ಖೈರಾತು ಕೊಡುವವನ ಮನಸ್ಸನ್ನು ಅವಲಂಬಿಸಿದ್ದು. ಈ ವರ್ಷ ಕೊಟ್ಟವನು ಮುಂದಿನ ವರ್ಷ ಕೊಡದಿದ್ದರೆ ಯಾರೂ ಕೇಳುವಂತಿಲ್ಲ. ಹಕ್ಕು ಹಾಗಲ್ಲ. ಅದನ್ನು ತಲೆ ತಗ್ಗಿಸದೆ ಕೇಳಬಹುದು. ಮನೆಗೆಲಸದ ಹೆಂಗಸಿಗೆ ಹಬ್ಬಕ್ಕೊಂದು ಸೀರೆ ಕೊಡುವುದು ಖೈರಾತು. 2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸವನ್ನೂ ಕನಿಷ್ಠ ವೇತನದ ಪಟ್ಟಿಗೆ ತಂದಿತು, ಅದು ಹಕ್ಕು. ಸೀರೆ ಕೊಟ್ಟ ಮನೆಯೊಡತಿ ಒಳ್ಳೆಯವಳೇ ಇರಬಹುದು. ಆದರೆ ಸಂಬಳದ ದರ ಅವಳ ಒಳ್ಳೆಯತನವನ್ನು ಕಾಯಬೇಕಾಗಿಲ್ಲ ಎಂಬುದೇ ಕಾನೂನಿನ ತಾತ್ಪರ್ಯ. ಆ ಕಾರಣಕ್ಕೇ ಸೇವೆಯ ದಾರಿ ಒಂದಲ್ಲ ಒಂದು ದಿನ ವಿಧಾನಸೌಧದ ಮೆಟ್ಟಿಲು ಮುಟ್ಟುತ್ತದೆ.

ಅಲ್ಲಿಗೆ ಹೋದವರ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಯಾವ ಮಸೂದೆ ಬರಲಿದೆ ಎಂದು ವಿಚಾರಿಸಬೇಕು. ಅದರ ಪ್ರತಿ ದೊರಕಿಸಿ ಕಲಂ ಕಲಂ ಓದಬೇಕು. ಒಂದು ಇಲಾಖೆಯಿಂದ ಇನ್ನೊಂದಕ್ಕೆ ಕಡತ ಹೋಯಿತೇ, ಕಾನೂನು ಇಲಾಖೆ ಏನು ಬರೆಯಿತು, ಸಂಪುಟಕ್ಕೆ ಯಾವಾಗ ಬರುತ್ತದೆ ಎಂದು ಬೆನ್ನು ಹತ್ತಬೇಕು. ಶಾಸಕರೊಬ್ಬರಿಗೆ ವಿಷಯ ತಿಳಿಸಿ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕೇಳಿಸಬೇಕು. ಮಸೂದೆ ಸದನ ಸಮಿತಿಗೆ ಹೋದರೆ ಅಲ್ಲಿಗೆ ಮನವಿ ಬರೆಯಬೇಕು. ವಿಧಾನಸಭೆಯ 224 ಮಂದಿ, ವಿಧಾನ ಪರಿಷತ್ತಿನ 75 ಮಂದಿ ಒಪ್ಪಿದ ಮೇಲೂ ರಾಜ್ಯಪಾಲರ ಅಂಕಿತ ಉಳಿದಿರುತ್ತದೆ. ಕೇಂದ್ರದ ಕಾಯ್ದೆಗೆ ರಾಜ್ಯದ ತಿದ್ದುಪಡಿಯಾಗಿದ್ದರೆ ಅದು ಹಲವು ಸಲ ರಾಷ್ಟ್ರಪತಿಗಳ ಅಂಕಿತಕ್ಕೆ ದೆಹಲಿಗೆ ಹೋಗುತ್ತದೆ. ಆಮೇಲೆ ರಾಜ್ಯಪತ್ರ, ಆಮೇಲೆ ನಿಯಮಾವಳಿ, ಆಮೇಲೆ ಬಜೆಟ್ಟಿನಲ್ಲಿ ಹಣ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕಾಯ್ದೆ ಕಾಗದವಾಗಿಯೇ ಉಳಿಯುತ್ತದೆ.

ಸದನಕ್ಕೂ ಸಮಯವಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು ನಮ್ಮ ವಿಧಾನಮಂಡಲ 2005ರಲ್ಲಿ ತನಗೆ ತಾನೇ ಕಾಯ್ದೆ ಮಾಡಿಕೊಂಡಿತು. ಬಹುತೇಕ ವರ್ಷಗಳಲ್ಲಿ ಅಷ್ಟು ದಿನ ಸೇರಿದ್ದಿಲ್ಲ. ಗದ್ದಲದ ನಡುವೆ ಧ್ವನಿಮತದಿಂದ ಮಸೂದೆಗಳು ಅಂಗೀಕಾರವಾಗುವುದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು 2014ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ ಹೇಳಿತು. ಆದರೆ ಅದು ನೀತಿಯೇ ಹೊರತು ಕಾನೂನಲ್ಲ. ಹೀಗಿರುವಾಗ ಮಸೂದೆಯನ್ನು ಓದಿ, ಅದು ಯಾರ ಮೇಲೆ ಬೀಳುತ್ತದೋ ಅವರಿಗೆ ಮುಂಚಿತವಾಗಿ ತಿಳಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಇದನ್ನು ಗುಮಾಸ್ತಿಕೆ ಎಂದು ಕಡೆಗಣಿಸುವುದು ಸರಿಯಲ್ಲ, ಇದರಲ್ಲಿ ನೀತಿಯ ಪ್ರಶ್ನೆಯೇ ಅಡಗಿದೆ.

ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಅಮಾನತ್ ಎಂಬ ಮಾತು ಬಾಲ್ಯದಿಂದಲೂ ಗೊತ್ತು. ಒಬ್ಬರು ನಂಬಿ ಇನ್ನೊಬ್ಬರ ಬಳಿ ಇರಿಸಿದ ವಸ್ತು ಅಮಾನತ್. ಇಟ್ಟುಕೊಂಡವನು ಅದನ್ನು ಬಳಸುವಂತಿಲ್ಲ, ಅದರಿಂದ ಲಾಭ ಪಡೆಯುವಂತಿಲ್ಲ. ಕೇಳಿದಾಗ ಇದ್ದಂತೆಯೇ ಮರಳಿಸಬೇಕು. ಇದೇ ಮಾತು ಕನ್ನಡದ ಕಚೇರಿಗೆ ಬಂದಾಗ ಅರ್ಥ ಬದಲಾಯಿತು. ಇಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು, ಆದೇಶವನ್ನು ತೂಗುಹಾಕುವುದು. ಒಂದೇ ಮಾತಿಗೆ ಒಂದು ಕಡೆ ನಂಬಿಕೆ, ಇನ್ನೊಂದು ಕಡೆ ತಡೆ. ಬಡವರ ನೋವಿನ ಕತೆಗೂ ಈ ಎರಡೇ ಗತಿ ಎಂದು ನಮಗೆ ಎಷ್ಟೋ ಸಲ ಅನಿಸಿದೆ. ಹೇಳಿದವರು ಉರ್ದುವಿನ ಅರ್ಥದಲ್ಲಿ ಇಟ್ಟು ಹೋಗುತ್ತಾರೆ. ಅದು ಕಚೇರಿಯ ಅರ್ಥದಲ್ಲಿ ಅಮಾನತಾಗುತ್ತದೆ.

ಇದಕ್ಕೆ ನಮ್ಮ ಸೀಮೆಯಲ್ಲೇ ದೀರ್ಘ ಉದಾಹರಣೆಯಿದೆ. ದೇವದಾಸಿ ಪದ್ಧತಿಯ ವಿರುದ್ಧ ನಡೆದ ಕಾನೂನುಗಳ ಚರಿತ್ರೆ ನೂರು ವರ್ಷಕ್ಕೂ ಹಿಂದಿನದು. ಮೈಸೂರು ಸಂಸ್ಥಾನ ಮುಜರಾಯಿ ದೇವಸ್ಥಾನಗಳಲ್ಲಿ ಈ ಪದ್ಧತಿಯನ್ನು ತಡೆದದ್ದು 1909ರಲ್ಲಿ. ಮುಂಬೈ ಪ್ರಾಂತ್ಯದ ಕಾಯ್ದೆ 1934ರಲ್ಲಿ ಬಂತು, ಮದ್ರಾಸಿನದು 1947ರಲ್ಲಿ. ಆಗ ಬೆಳಗಾವಿ, ಧಾರವಾಡ ಒಂದು ಆಡಳಿತದಲ್ಲಿದ್ದವು, ಬಳ್ಳಾರಿ, ಮಂಗಳೂರು ಇನ್ನೊಂದರಲ್ಲಿ. ಕರ್ನಾಟಕಕ್ಕೆಲ್ಲ ಒಂದೇ ಕಾಯ್ದೆ ಎಂದು ಬಂದದ್ದು 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ.

ಮದ್ರಾಸಿನ ಚರ್ಚೆಯಲ್ಲಿ ನಮಗೆ ಪಾಠವಿದೆ. ಅದನ್ನು ಮುನ್ನಡೆಸಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ವೈದ್ಯೆ, ಸಮಾಜ ಸುಧಾರಕಿ, 1927ರಲ್ಲಿ ಮದ್ರಾಸ್ ಶಾಸನ ಪರಿಷತ್ತನ್ನು ಪ್ರವೇಶಿಸಿದ ಮೊದಲ ಮಹಿಳೆ. ಅವರ ತಾಯಿಯೇ ದೇವದಾಸಿ ಹಿನ್ನೆಲೆಯವರು. ಅವರ ಎದುರು ನಿಂತವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಸಂಗೀತ, ಸಾಹಿತ್ಯ ಎರಡರಲ್ಲೂ ದೊಡ್ಡ ಹೆಸರು. ಮದ್ರಾಸಿನ ದೇವದಾಸಿಯರ ಸಂಘ ಸರ್ಕಾರಕ್ಕೆ ವಿರೋಧದ ಮನವಿ ಸಲ್ಲಿಸಿದಾಗ ಮುಂಚೂಣಿಯಲ್ಲಿ ಅವರಿದ್ದರು. ತಮ್ಮನ್ನೆಲ್ಲ ಒಂದೇ ಮಾತಿನಲ್ಲಿ ಕೆಟ್ಟವರೆಂದು ಬರೆಯುವ ಕಾನೂನು ತಮ್ಮ ಆಸ್ತಿಯನ್ನೂ ಕಲೆಯನ್ನೂ ಕಿತ್ತುಕೊಳ್ಳುತ್ತದೆ ಎಂಬುದು ಅವರ ಅಳಲು. ಅದೇ ಕಾಲದಲ್ಲಿ ಅದೇ ಬದುಕಿನಿಂದ ಬಂದ ಮೂವಲೂರು ರಾಮಾಮೃತಂ ಅಮ್ಮಾಳ್ ಪದ್ಧತಿ ಹೋಗಲೇಬೇಕೆಂದು ಹಳ್ಳಿ ಹಳ್ಳಿ ಸುತ್ತಿದರು.

ಈ ಮೂವರಲ್ಲಿ ನಿಜವಾಗಿ ನೊಂದವರ ಪರ ಮಾತನಾಡಿದವರು ಯಾರು? ಸುಲಭದ ಉತ್ತರವಿಲ್ಲ. 'ನೊಂದವರು' ಎಂಬುದು ಒಂದೇ ಬಾಯಿಯ ಒಂದೇ ಮಾತಲ್ಲ ಎಂಬುದಷ್ಟೇ ಖಚಿತ. ಹಾಡಿ ಹೆಸರು ಮಾಡಿದವಳ ಭಯ ಬೇರೆ, ಹತ್ತು ವರ್ಷದಲ್ಲಿ ಯಾರಿಗೋ ಒಪ್ಪಿಸಲ್ಪಟ್ಟವಳ ಭಯ ಬೇರೆ. ಕಾನೂನು ಬೇಕಿತ್ತು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಹೆಣ್ಣು ಮಗುವನ್ನು ದೇವರ ಹೆಸರಿನಲ್ಲಿ ಗಂಡಸರಿಗೆ ಬಿಡುವುದನ್ನು ಯಾವ ಕಲೆಯ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೆ ನಾಗರತ್ನಮ್ಮ ಎತ್ತಿದ ಪ್ರಶ್ನೆ ಇಂದಿಗೂ ಸತ್ತಿಲ್ಲ: ನಮ್ಮ ಬಗ್ಗೆ ಬರೆಯುವಾಗ ನಮ್ಮನ್ನು ಕೇಳಿದಿರಾ?

1982ರ ಕಾಯ್ದೆಯನ್ನೇ ನೋಡೋಣ. ಮುತ್ತು ಕಟ್ಟುವ ಶಾಸ್ತ್ರ ಮಾಡಿದವರಿಗೆ, ಅದರಲ್ಲಿ ಪಾಲ್ಗೊಂಡವರಿಗೆ ಮೂರು ವರ್ಷದವರೆಗೆ ಜೈಲು. ತಂದೆ, ತಾಯಿ, ಪೋಷಕರೇ ತಪ್ಪಿತಸ್ಥರಾದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲ, ಐದು ವರ್ಷದವರೆಗೆ ಏರಬಹುದು. ಮೇಲ್ನೋಟಕ್ಕೆ ಇದು ನ್ಯಾಯವೇ. ಹೆತ್ತವರೇ ಮಗಳನ್ನು ಬಿಟ್ಟುಕೊಟ್ಟರೆ ಹೆಚ್ಚಿನ ಶಿಕ್ಷೆ ಆಗಬೇಡವೇ? ಈಗ ಅದನ್ನು ಆ ಹುಡುಗಿಯ ಕಡೆಯಿಂದ ಓದಿ. ಮುತ್ತು ಕಟ್ಟಿದ ಮೇಲೆ ಅವಳಿಗಿರುವ ಆಸರೆ ಅದೇ ಗುಡಿಸಲು, ಅದೇ ತಾಯಿ. ಎಷ್ಟೋ ಮನೆಗಳಲ್ಲಿ ಆ ತಾಯಿಯೂ ಮುತ್ತು ಕಟ್ಟಿಸಿಕೊಂಡವಳೇ. ದೂರು ಕೊಟ್ಟರೆ ಜೈಲಿಗೆ ಹೋಗುವವಳು ತಾಯಿ. ಅವಳನ್ನು ಇಟ್ಟುಕೊಂಡ ಊರ ದೊಡ್ಡ ಮನುಷ್ಯನ ಹೆಸರು ಆ ಕಲಮಿನಲ್ಲಿ ಎಲ್ಲಿದೆ? ಆತ ಶಾಸ್ತ್ರದಲ್ಲಿ ಪಾಲ್ಗೊಂಡನೆಂದು ರುಜುವಾತು ಮಾಡುವುದು ಯಾರ ಕೈಲಾಗುತ್ತದೆ? ಹುಡುಗಿ ಬಾಯಿ ಮುಚ್ಚುತ್ತಾಳೆ. ದೂರು ಬರುವುದಿಲ್ಲ. ದೂರಿಲ್ಲವಾದ್ದರಿಂದ ಪದ್ಧತಿಯೇ ಇಲ್ಲವೆಂದು ಕಚೇರಿ ಬರೆದುಕೊಳ್ಳುತ್ತದೆ.

ಸರ್ಕಾರ 1993-94ರಲ್ಲಿ ಸಮೀಕ್ಷೆ ಮಾಡಿಸಿತು, 2007-08ರಲ್ಲಿ ಮತ್ತೊಮ್ಮೆ. ಎರಡೂ ಸೇರಿ 46,660 ಮಹಿಳೆಯರ ಹೆಸರು ಪಟ್ಟಿಯಲ್ಲಿ ಬಂತು. ಪಟ್ಟಿಗೆ ಬಂದವರಿಗೆ ಪಿಂಚಣಿ, ಸಾಲ, ಮನೆ ಎಂದು ಒಂದಿಷ್ಟು ಸೌಲಭ್ಯ ದೊರೆಯಿತು. ಪಟ್ಟಿಗೆ ಬರದವರು? ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡವಳು ತನ್ನ ಹೆಸರು ಹೇಳಿಕೊಂಡರೆ ಅದು ತನ್ನ ಮನೆಯವರ ಅಪರಾಧವನ್ನೇ ಒಪ್ಪಿಕೊಂಡಂತೆ. ಯಾರ ರಕ್ಷಣೆಗೆ ಕಾಯ್ದೆ ಬಂತೋ ಅವಳನ್ನೇ ಅದು ಮರೆಗೆ ತಳ್ಳಿತು. ಇದು ಯಾರ ದುರುದ್ದೇಶದಿಂದಲೂ ಆದದ್ದಲ್ಲ. ಬರೆದವರ ಮನಸ್ಸು ಒಳ್ಳೆಯದೇ ಇತ್ತು. ಆದರೆ ಆ ಹುಡುಗಿ ಕಾಯ್ದೆಯ ವಿಷಯವಾಗಿದ್ದಳೇ ಹೊರತು ಕಾಯ್ದೆ ಬರೆಯುವ ಕೋಣೆಯಲ್ಲಿ ಇರಲಿಲ್ಲ.

ಬದಲಾವಣೆ ಬಂದದ್ದು ಮಕ್ಕಳಿಂದ. ಮಾಜಿ ದೇವದಾಸಿಯರೆಂದು ಸರ್ಕಾರ ಕರೆಯುವ ಈ ತಾಯಂದಿರ ಮಕ್ಕಳು ಓದಿದರು, ಸಂಘ ಕಟ್ಟಿದರು. ಶಾಲೆಗೆ ಸೇರುವಾಗ, ಜಾತಿ ಪ್ರಮಾಣಪತ್ರ ಕೇಳುವಾಗ, ಉದ್ಯೋಗದ ಅರ್ಜಿ ತುಂಬುವಾಗ 'ತಂದೆಯ ಹೆಸರು' ಎಂಬ ಖಾಲಿ ಗೆರೆಯ ಮುಂದೆ ತಾವು ಪಟ್ಟ ಅವಮಾನವನ್ನು ಅವರೇ ಹೇಳಿದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2018ರಲ್ಲಿ ಹೊಸ ಕರಡೊಂದನ್ನು ಸಿದ್ಧಪಡಿಸಿತು. ಅಲ್ಲಿಂದ ಏಳು ವರ್ಷ ಕಳೆದು, 2025ರ ಆಗಸ್ಟಿನಲ್ಲಿ ವಿಧಾನಮಂಡಲ ಹೊಸ ದೇವದಾಸಿ ಮಸೂದೆಯನ್ನು ಅಂಗೀಕರಿಸಿತು. ಹಳೆಯದರ ಹೆಸರಿನಲ್ಲಿ ಇದ್ದದ್ದು ನಿಷೇಧ ಮಾತ್ರ. ಹೊಸದರ ಹೆಸರಿನಲ್ಲೇ ಪರಿಹಾರ ಮತ್ತು ಪುನರ್ವಸತಿ ಸೇರಿದವು. ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯದಿಂದ ಮಕ್ಕಳಿಗೆ ಬಿಡುಗಡೆ, ತಂದೆ ಯಾರೆಂದು ಸಾಧಿಸಬಯಸುವ ಮಕ್ಕಳಿಗೆ ಅದರ ಹಕ್ಕು ಎರಡೂ ಅದರಲ್ಲಿ ಬಂದವು. ಅರ್ಜಿಯ ಆ ಖಾಲಿ ಗೆರೆಯ ಮಾತನ್ನು ದೂರದಿಂದ ಮರುಗುವ ಎಷ್ಟು ಮಂದಿ ಯೋಚಿಸಿದ್ದೇವು? ಅದು ಅನುಭವಿಸಿದವರಿಗೆ ಮಾತ್ರ ಹೊಳೆಯುವ ಮಾತು.

ಇದು ಬೇರೆಯವರ ಮನೆಯ ಸುದ್ದಿ ಎಂದು ನಮ್ಮ ಮುಸ್ಲಿಂ ಓದುಗರು ನಿಟ್ಟುಸಿರು ಬಿಡುವಂತಿಲ್ಲ. ಬಾಲ್ಯವಿವಾಹದ ವಿಷಯಕ್ಕೆ ಬಂದರೆ ಎಲ್ಲ ಸಮುದಾಯಗಳ ಮನೆಯೂ ಒಂದೇ ಸಾಲಿನಲ್ಲಿದೆ, ನಮ್ಮದೂ ಅದರಲ್ಲಿದೆ. 2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಅಪರಾಧ. ಆದರೆ ಆ ಮದುವೆ ಸಾಮಾನ್ಯವಾಗಿ ತಾನಾಗಿ ರದ್ದಾಗುವುದಿಲ್ಲ, ರದ್ದು ಬೇಕಾದವರು ಕೋರ್ಟಿಗೆ ಹೋಗಬೇಕು. ಕರ್ನಾಟಕದಲ್ಲಿ ಹೈಕೋರ್ಟಿನ ಆದೇಶದಂತೆ ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಮುಂದೆ 2016ರಲ್ಲಿ ರಾಜ್ಯ ತಿದ್ದುಪಡಿ ತಂದಿತು, 2017ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಂತೆ ಜಾರಿಯ ನಂತರ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಕರ್ನಾಟಕದ ಈ ಹೆಜ್ಜೆಯನ್ನು ಮೆಚ್ಚಿಕೊಂಡಿತು. ಈ ಕಾಯ್ದೆ ಮುಸ್ಲಿಮರಿಗೂ ಅನ್ವಯಿಸುತ್ತದೆಂದು ನಮ್ಮ ಹೈಕೋರ್ಟು 2013ರಲ್ಲೇ ಹೇಳಿದೆ.

ನಾವು ಈ ಕಾಯ್ದೆಯ ಪರ. ಹದಿನೈದರ ಹುಡುಗಿ ಪುಸ್ತಕ ಹಿಡಿಯಬೇಕೇ ಹೊರತು ತೊಟ್ಟಿಲು ತೂಗಬಾರದು. ಆದರೂ ಪರವಾಗಿರುವವರೇ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಮದುವೆಗೆ ಮೊದಲು ತಡೆದರೆ ಕಾಯ್ದೆ ಗೆದ್ದಿತು. ಗುಟ್ಟಾಗಿ ನಡೆದುಹೋದ ಮೇಲೆ? ಹದಿನೇಳರ ಹುಡುಗಿಯೊಬ್ಬಳು ಬಸುರಿಯೆಂದು ಇಟ್ಟುಕೊಳ್ಳಿ. ಅವಳ ಮದುವೆ ಮದುವೆಯೇ ಅಲ್ಲ ಎನ್ನುತ್ತದೆ ಕಾನೂನು. ಆಸ್ಪತ್ರೆಗೆ ಹೋದರೆ, 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಗಂಡ ಜೈಲಿಗೆ ಹೋಗುತ್ತಾನೆಂದು ಅತ್ತೆ ಅವಳನ್ನು ಆಸ್ಪತ್ರೆಗೇ ಕಳಿಸುವುದಿಲ್ಲ. ಮಗು ಸಕ್ರಮವೆಂದು, ಜೀವನಾಂಶಕ್ಕೆ ದಾರಿಯುಂಟೆಂದು 2006ರ ಕಾಯ್ದೆ ಹೇಳಿದೆ, ನಿಜ. ಆದರೆ ಆ ದಾರಿ ಕೋರ್ಟಿನ ಮೂಲಕ ಹೋಗುತ್ತದೆ. ಅದನ್ನು ಅವಳಿಗೆ ಹೇಳುವವರು ಯಾರು? ವಕೀಲರ ಫೀಸು ಯಾರದು? ಕಾಯ್ದೆ ತರಿಸಿದೆವೆಂದು ಸಿಹಿ ಹಂಚಿದವರು ಇವಳ ಬಾಗಿಲಿಗೆ ಹೋಗಿ ಈ ಉತ್ತರಗಳನ್ನು ಕೊಡದಿದ್ದರೆ, ಅವಳ ಹೆಸರಿನಲ್ಲಿ ಪಡೆದ ಗೆಲುವು ಅವಳಿಗೆ ಸೇರಿದ್ದಲ್ಲ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ, ಅದನ್ನು ಹಗುರಾಗಿ ತೆಗೆದುಕೊಳ್ಳಲಾಗದು. ಎಲ್ಲರನ್ನೂ ಕೇಳುತ್ತ ಕುಳಿತರೆ ಕಾನೂನು ಬರುವುದು ಯಾವಾಗ? ಹನ್ನೆರಡರ ಮಗುವನ್ನು ಏನೆಂದು ಕೇಳುವುದು? ಗಂಡನ ಏಟಿಗೆ ಒಗ್ಗಿಹೋದವಳು ಇದೆಲ್ಲ ಇದ್ದದ್ದೇ ಎನ್ನಬಹುದು, ಹಾಗೆಂದು ಸುಮ್ಮನಿರಬೇಕೇ? ನೊಂದವರ ಒಪ್ಪಿಗೆಯನ್ನೇ ಕಾದಿದ್ದರೆ ಎಷ್ಟೋ ಅನ್ಯಾಯಗಳು ಇಂದಿಗೂ ಸಂಪ್ರದಾಯಗಳಾಗಿಯೇ ಇರುತ್ತಿದ್ದವು.

ಇದು ಸರಿಯಾದ ಮಾತು. ಆದರೆ ಕೇಳುವುದು ಎಂದರೆ ಅಪ್ಪಣೆ ಬೇಡುವುದಲ್ಲ. ಮಗುವಿನ ಒಪ್ಪಿಗೆ ಇಲ್ಲದೆಯೂ ಮಗುವಿನ ಮದುವೆ ನಿಲ್ಲಿಸಬೇಕು, ನಿಲ್ಲಿಸಲೇಬೇಕು. ಆದರೆ ಮದುವೆ ನಿಂತ ಮಾರನೆಯ ದಿನ ಅವಳೆಲ್ಲಿರಬೇಕು, ಯಾವ ಶಾಲೆಗೆ ಹೋಗಬೇಕು, ಯಾರನ್ನು ಕಂಡರೆ ಅವಳಿಗೆ ಭಯ ಎಂಬುದನ್ನು ಅವಳನ್ನೇ ಕೇಳಬೇಕು. ಕಾನೂನು ಬೇಕೇ ಬೇಡವೇ ಎಂಬುದನ್ನು ಸಮಾಜ ನಿರ್ಧರಿಸಬಹುದು. ಅದು ಎಲ್ಲಿ ಚುಚ್ಚುತ್ತದೆ ಎಂಬುದನ್ನು ಮೆಟ್ಟು ಹಾಕಿಕೊಂಡವರೇ ಹೇಳಬಲ್ಲರು. ನಾಗರತ್ನಮ್ಮನವರ ಮನವಿಯನ್ನು ಒಪ್ಪದೆಯೂ ಅದನ್ನು ಕೂಲಂಕಷ ಓದಬಹುದಿತ್ತು.

ಅಮಾನತ್ತಿನ ಇನ್ನೊಂದು ನಿಯಮವೆಂದರೆ ಅದರಿಂದ ಲಾಭ ಪಡೆಯಬಾರದು. ಈ ಕಾಲದಲ್ಲಿ ಇದು ಕಷ್ಟದ ನಿಯಮ. ಸಭೆಯಲ್ಲಿ ಅತ್ತವಳ ಫೋಟೊ ಸಂಸ್ಥೆಯ ವರದಿಯ ಮುಖಪುಟಕ್ಕೆ ಬೇಕು. ಹಣ ಕೊಡುವವರಿಗೆ ಕಣ್ಣೀರಿನ ಕತೆ ಬೇಕು. ಟೀವಿಯವರಿಗೆ ಹೆಸರೂ ಊರೂ ಬೇಕು. ಮಗುವಿನ ಗುರುತು ಬಯಲಾಗುವಂತೆ ವರದಿ ಮಾಡುವುದನ್ನು ಪೋಕ್ಸೊ ಕಾಯ್ದೆ ತಡೆಯುತ್ತದೆ. ಆದರೆ ದೊಡ್ಡವರ ಮಾನಕ್ಕೆ ಎಲ್ಲ ಕಡೆ ಅಂಥ ಕಾವಲಿಲ್ಲ, ಅಲ್ಲಿ ಕಾರ್ಯಕರ್ತನ ಆತ್ಮಸಾಕ್ಷಿಯೇ ಕಾವಲು. ಒಂದೇ ಕತೆಯನ್ನು ಹತ್ತು ವೇದಿಕೆಯಲ್ಲಿ ಹೇಳಿಸುವಾಗ ಆ ಹೆಂಗಸು ಹತ್ತು ಸಲ ಆ ರಾತ್ರಿಯನ್ನು ಬದುಕುತ್ತಾಳೆ ಎಂಬುದನ್ನು ಮರೆಯಬಾರದು. ಶಾಸಕರ ಮನ ಕರಗಿಸಲು ಅಷ್ಟು ಬೇಕೇ ಎಂದು ಅವಳನ್ನೇ ಕೇಳಿ. ಬೇಡವೆಂದರೆ ಬೇಡ.

ಮೂರನೆಯದು, ಮರಳಿಸುವುದು. ಕಾಯ್ದೆ ಅಂಗೀಕಾರವಾದ ದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಹಾರ ತುರಾಯಿಗಳಾಗುತ್ತವೆ. ನಿಜವಾದ ಕೆಲಸ ಅಲ್ಲಿಂದ ಶುರು. ಅಮಾನವೀಯ ಆಚರಣೆ ಮತ್ತು ವಾಮಾಚಾರದ ವಿರುದ್ಧದ ನಮ್ಮ ರಾಜ್ಯದ ಕಾಯ್ದೆ 2017ರಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಯಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಡುವಿನ ಎರಡು ವರ್ಷ ಅದು ಕಚೇರಿಯ ಅರ್ಥದಲ್ಲೇ ಅಮಾನತಾಗಿತ್ತು. ನಿಯಮ ಬಂತೇ, ಸಮಿತಿ ರಚನೆಯಾಯಿತೇ, ತಾಲ್ಲೂಕಿನಲ್ಲಿ ಕುರ್ಚಿಯ ಮೇಲೆ ಮನುಷ್ಯನಿದ್ದಾನೆಯೇ, ಬಜೆಟ್ಟಿನಲ್ಲಿ ಇಟ್ಟ ಹಣ ಖರ್ಚಾಯಿತೇ ಎಂದು ವರ್ಷಗಟ್ಟಲೆ ಕೇಳುತ್ತಿರುವವರನ್ನು ಅಧಿಕಾರಿಗಳು ಕಿರಿಕಿರಿ ಎಂದೇ ಭಾವಿಸುತ್ತಾರೆ. ಆ ಕಿರಿಕಿರಿಯೇ ಸೇವೆ. 2025ರ ದೇವದಾಸಿ ಕಾಯ್ದೆಯ ಹಣೆಬರಹವೂ ಇಂಥ ಕಿರಿಕಿರಿಯ ಮೇಲೆಯೇ ನಿಂತಿದೆ.

ಇದೆಲ್ಲ ಎಂ.ಎಸ್.ಡಬ್ಲ್ಯು. ಓದಿದವರ ಕೆಲಸ, ನಮಗೇಕೆ ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ನಮ್ಮ ಸಮುದಾಯದ ಮುಖಂಡರು ಮಂತ್ರಿಗಳನ್ನು ಕಾಣಲು ಹೋಗುವಾಗ ಮಹಿಳೆಯರ ವಿಷಯದಲ್ಲಿ ಗಂಡಸರೇ ಮಾತನಾಡಿ ಬರುತ್ತಾರೆ. ಬೀಡಿ ಕಟ್ಟುವವಳ ಮಜೂರಿಯ ಬಗ್ಗೆ ಬೀಡಿ ಮುಟ್ಟದವರು ಹೇಳಿ ಬರುತ್ತಾರೆ. ತಲಾಖ್ ಆದವಳ ಬದುಕಿನ ಬಗ್ಗೆ ಅವಳ ಅಂಗಳ ತುಳಿಯದವರು ಹೇಳಿಕೆ ಕೊಡುತ್ತಾರೆ. ಸರ್ಕಾರ ನಮ್ಮನ್ನು ಕೇಳದೆ ಕಾನೂನು ಮಾಡಿತೆಂದು ನಾವು ದೂರುತ್ತೇವೆ, ಆ ದೂರು ಎಷ್ಟೋ ಸಲ ನ್ಯಾಯವಾದದ್ದೇ. ಆದರೆ ನಮ್ಮ ಮನೆಯೊಳಗೆ ಕೇಳದೆ ಹೊರಗೆ 'ಕೇಳಿ' ಎನ್ನುವವರ ಮಾತಿಗೆ ತೂಕವೆಲ್ಲಿಂದ ಬಂದೀತು?

ಊರಿಗೊಂದು ವಾಚನಾಲಯವಿದೆ, ಜಮಾಅತಿನ ಕಚೇರಿಯಿದೆ, ಮಹಿಳಾ ಸಂಘಗಳಿವೆ, ಕನ್ನಡ ಓದಬಲ್ಲ ಹುಡುಗಿಯರು ಪ್ರತಿ ಬೀದಿಯಲ್ಲಿದ್ದಾರೆ. ಅಧಿವೇಶನ ನಡೆಯುವಾಗ ಒಂದು ಮಸೂದೆಯ ಪ್ರತಿ ತರಿಸಿ, ಅದು ಯಾರ ಮೇಲೆ ಬೀಳುತ್ತದೋ ಅವರನ್ನು ಕೂರಿಸಿ ಗಟ್ಟಿಯಾಗಿ ಓದಿ ಹೇಳಲು ದೊಡ್ಡ ಸಂಸ್ಥೆ ಬೇಕಿಲ್ಲ. ಓದಿ ಮುಗಿಸಿದ ಮೇಲೆ ಓದಿದವರು ಸುಮ್ಮನಾಗಿ ಕೇಳಿದವರು ಮಾತನಾಡಲಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ಶಾಸಕರಿಗೆ ಕಳಿಸಿ. ಉತ್ತರ ಬಂದರೆ ಅದನ್ನೂ ಅದೇ ಅಂಗಳದಲ್ಲಿ ಓದಿ ಹೇಳಿ. ಬಾರದಿದ್ದರೆ, ಬರಲಿಲ್ಲವೆಂದು ಹೋಗಿ ಹೇಳಿ.